ಬದುವಿನ ಆಚೆ ಬದಿ

"ಗುರುಗಳೇ, ಎಚ್ಚರವಾಗಿರುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನಿಗೆ ಜ್ವರ ಬಂದಿತ್ತು. ಕೈಯಲ್ಲಿ ಕಷಾಯದ ಲೋಟವಿತ್ತು. ಜೊತೆಯ ಶಿಷ್ಯ ಕಾಯಿಸಿ ಕೊಟ್ಟದ್ದು. ಇವನು ಅದನ್ನು ಇನ್ನೂ ಬಾಯಿಗೆ ಇಟ್ಟಿರಲಿಲ್ಲ.

"ನಾನು ಮಲಗಿದಾಗಿನಿಂದ ಕಿರಿಯರಿಗೆ ನನ್ನ ಪಾಲಿನ ಪಾಠವನ್ನೂ ಅವನೇ ಹೇಳುತ್ತಿದ್ದಾನೆ. ಕಲಿಯುವವರೆಲ್ಲ ಅವನ ಕಡೆ ಆಗಿಬಿಟ್ಟರೆ ನನ್ನ ಗತಿಯೇನು? ಇಷ್ಟೊಂದು ಉಪಚಾರವನ್ನು ಯಾರಾದರೂ ಸುಮ್ಮನೆ ಮಾಡುತ್ತಾರೆಯೇ?"

ಗುರುಗಳು ಲೋಟವನ್ನೊಮ್ಮೆ ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೊಲ ಬಹಳ ಕಾಲ ಪಾಳು ಬಿದ್ದು ಜಾಲಿ ಬೆಳೆದಿತ್ತು. ಒಳಗೆ ನುಗ್ಗಿದ ಹಂದಿಯೂ ಹೊರಗೆ ಬರಲು ದಾರಿ ಹುಡುಕಬೇಕಿತ್ತು. ಹೇಗೋ ಮಾಡಿ ರೈತ ಒಂದು ಟ್ರ್ಯಾಕ್ಟರ್ ಕೊಂಡ. ಅದಕ್ಕೆ ಬ್ಲೇಡ್ ಕಟ್ಟಿಸಿದ. ದೊಡ್ಡ ಬೊಡ್ಡೆಗಳಿಗೆ ಸರಪಳಿ ಬಿಗಿದು ಎಳೆದ. ಪೊದೆಗಳನ್ನು ತಳ್ಳಿ ಗುಡ್ಡೆ ಹಾಕಿ ಸುಟ್ಟ. ಕೊನೆಗೆ ನೆಲ ಕಂಡಿತು. ಕಪ್ಪು ಮಣ್ಣು, ಕೈಯಲ್ಲಿ ಹಿಡಿದರೆ ಮೆತ್ತಗಿತ್ತು. ರೈತನಿಗೆ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ ದಿಗಿಲೂ ಬಂತು. ಇಂಥ ಮಣ್ಣನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ?

ಅವನದು ಮೇಲಿನ ಹೊಲ. ಕೆಳಗಿನದು ಇನ್ನೊಬ್ಬನದು. ನಡುವೆ ಮಣ್ಣಿನ ಬದು ಇತ್ತು. ಬದುವಿನ ನೆತ್ತಿಯೇ ಗಡಿ. ಮಳೆ ಬಂದಾಗ ಮೇಲಿನ ಹೊಲದ ಮಣ್ಣು ಇಳಿದುಹೋಗದಂತೆ ತಡೆಯುತ್ತಿದ್ದುದೂ ಅದೇ. ಜಾಲಿ ಕೀಳುವ ಹುಮ್ಮಸ್ಸಿನಲ್ಲಿ ರೈತ ತನ್ನ ಕಡೆಯ ಬದುವಿನ ಗಿಡ, ಹುಲ್ಲನ್ನೂ ಕೆರೆದು ಹಾಕಿದ್ದ. ಬೋಳು ಬದು ಅವನ ಕಣ್ಣಿಗೆ ಚೊಕ್ಕಟವಾಗಿ ಕಂಡಿತ್ತು.

ಮೊದಲ ಮಳೆಗೇ ಬದು ಸೊರಗಿತು. ಬೇರು ಕಿತ್ತ ಮಣ್ಣು ನಿಲ್ಲುವುದಿಲ್ಲವೆಂದು ರೈತನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಅವನ ಕಣ್ಣಿಗೆ ಬಿದ್ದದ್ದು ಬೇರೆ. ಕೆಳಗಿನ ಹೊಲದಲ್ಲಿ, ಬದುವಿಗೆ ಒತ್ತಿಕೊಂಡು, ಟ್ರ್ಯಾಕ್ಟರ್ ಗಾಲಿಯ ಗುರುತು ಮೂಡಿತ್ತು. ಕೆಳಗಿನವನು ಬದು ಕೊರೆಯುತ್ತಿದ್ದಾನೆ! ರೈತನ ನಿದ್ದೆ ಅಲ್ಲಿಗೆ ಮುಗಿಯಿತು.

ಕೆಳಗಿನವನು ಸಿಕ್ಕಾಗ ಕೇಳಿಯೇಬಿಟ್ಟ. "ಬದುವಿನ ತಾವ ಏನಪ್ಪಾ ನಿಂದು ಕೆಲ್ಸ?"

"ಬದು ಸೊರಗೈತೆ ಕಣಣ್ಣ. ಟ್ರೈಲರ್‌ನಾಗೆ ಮಣ್ಣು ತಂದು ಹಾಕಿ ಹುಲ್ಲು ನೆಡ್ತಾ ಇದೀನಿ. ನಿನ್ ಕಡಿಕೂ ಒಂದಿಷ್ಟು ಸುರೀಲಾ?"

"ನನ್ ಕಡಿಕೆ ಒಂದ್ ಬುಟ್ಟಿ ಮಣ್ಣು ಬಿದ್ರೂ ಸರಿಗಿರಲ್ಲ, ನೋಡ್ಕೋ."

ದಾರಿಯುದ್ದಕ್ಕೂ ರೈತ ತಲೆ ಓಡಿಸಿದ. ನನ್ನ ಕಡೆ ಮಣ್ಣು ಸುರಿದರೆ ಬದು ನನ್ನ ಕಡೆಗೆ ದಪ್ಪವಾಗುತ್ತದೆ. ನೆತ್ತಿ ಈಚೆಗೆ ಸರಿಯುತ್ತದೆ. ನೆತ್ತಿ ಸರಿದರೆ ಗಡಿಯೂ ಸರಿಯಿತು! ಇಷ್ಟು ದಿನ ಕದ್ದು ಕೊರೆದ, ಈಗ ಕೊಡುವ ನೆಪದಲ್ಲಿ ಕಸಿಯಲು ಬಂದಿದ್ದಾನೆ. ಇದು ಹೊಳೆದದ್ದಕ್ಕೆ ರೈತ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಮಾರನೆಯ ದಿನ ಉಳುವಾಗ ತನ್ನ ಕಡೆಯಿಂದ ಬದುವನ್ನು ಬ್ಲೇಡಿನಿಂದ ಒಂದು ಗೇಣು ಕೆರೆದ. ಅವನು ತಿಂದಿರಬಹುದಾದದ್ದಕ್ಕೆ ಇದು ಸರಿಹೋಯಿತು ಎಂದುಕೊಂಡ. ಕೆರೆದ ಬದಿ ಮುಂದಿನ ಮಳೆಗೆ ಇನ್ನಷ್ಟು ಕುಸಿಯಿತು. ತಾನು ಬಿಟ್ಟದ್ದಕ್ಕಿಂತ ಬದು ಸಣ್ಣಗಾಗಿದೆಯಲ್ಲ! ನೋಡಿದೆಯಾ, ಮತ್ತೆ ತಿಂದ! ಇವನೂ ಮತ್ತೆ ಕೆರೆದ. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದಾಗಲೆಲ್ಲ ಇದೇ ನಡೆಯಿತು. ಒಮ್ಮೆ ಬದು ಹತ್ತಿ ಆಚೆ ಬದಿಯನ್ನು ನೋಡಬಹುದಿತ್ತು. ನೋಡಲಿಲ್ಲ. ನೋಡಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ ಎಂದು ಸುಮ್ಮನಿದ್ದ. ಮಹಾ ಜಾಣ.

ಒಂದು ಮಳೆಗಾಲದಲ್ಲಿ ಹಿಡಿದ ಮಳೆ ದಿನಗಟ್ಟಲೆ ಬಿಡಲಿಲ್ಲ. ಬದು ಒಡೆಯಿತು. ರೈತ ಓಡಿಹೋಗಿ ನೋಡಿದ. ಅವನ ಹೊಲದಲ್ಲಿ ಬರೀ ಕಲ್ಲು ಎದ್ದಿತ್ತು. ಅಷ್ಟು ಕಾಲ ಜಾಲಿಯ ಕೆಳಗೆ ಕೂತಿದ್ದ ಕಪ್ಪು ಮಣ್ಣೆಲ್ಲ ಕೆಳಗಿನ ಹೊಲದಲ್ಲಿ ಹಾಸಿಕೊಂಡು ಬಿದ್ದಿತ್ತು. ಒಡೆದ ಜಾಗದ ಪಕ್ಕದಲ್ಲಿ ಬದು ಒಂದಿಷ್ಟು ಉಳಿದಿತ್ತು. ಅದರ ಆಚೆ ಬದಿಯಲ್ಲಿ ಹುಲ್ಲು ದಟ್ಟವಾಗಿ ಹೆಣೆದುಕೊಂಡಿತ್ತು. ಗುದ್ದಲಿ ತಾಗಿದ ಗುರುತೂ ಇರಲಿಲ್ಲ. ಈಚೆ ಬದಿಯಲ್ಲಿ ಇವನ ಬ್ಲೇಡಿನ ಗೀರುಗಳಿದ್ದವು. ರೈತ ಬಗ್ಗಿ ಆ ಗೀರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ.

ನೆಲ ಆರಿದ ಮೇಲೆ ಕೆಳಗಿನವನು ಟ್ರೈಲರ್ ಜೋಡಿಸಿಕೊಂಡು ಬಂದ. ಅವನ ಪೈರೂ ಆ ಮಣ್ಣಿನಡಿ ಹೂತುಹೋಗಿತ್ತು.

"ಅಣ್ಣ, ನಿನ್ ಮಣ್ಣು ನನ್ ಹೊಲ್ದಾಗೆ ಬಿದ್ದೈತೆ. ಬಾ, ತುಂಬ್ಕೊಂಡು ಹೋಗು. ನಾನೂ ಟ್ರೈಲರ್‌ನಾಗೆ ಹೊಡ್ಕೊಡ್ತೀನಿ."

ರೈತ ಅವನ ಹತ್ತಿರ ಹೋದ. ತಪ್ಪಾಯಿತು ಎನ್ನುವ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಅವನ ಕಣ್ಣು ಟ್ರೈಲರ್ ಮೇಲೆ ಬಿತ್ತು. ತಾನಾಗಿ ಬಂದು ಬಿದ್ದ ಮಣ್ಣನ್ನು ಯಾರಾದರೂ ಹಿಂದಕ್ಕೆ ಕೊಡುತ್ತಾರೆಯೇ? ಇದರಲ್ಲಿ ಏನೋ ಇರಬೇಕು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಅವನಿಗೆ ತಡೆಯಲಾಗಲಿಲ್ಲ.

"ಆಮೇಲೆ? ರೈತ ಆ ಮಣ್ಣನ್ನು ತುಂಬಿಕೊಂಡನೋ ಇಲ್ಲವೋ?"

ಗುರುಗಳು ಹೇಳಿದರು, "ನಿನ್ನ ಕೈಯಲ್ಲಿರುವ ಕಷಾಯ ಆರುತ್ತಿದೆ."