ಕಲ್ಲಿನ ಹೆಂಗಸು ಏನು ನೋಡುತ್ತಿದ್ದಾಳೆ?

ಶಿಂಗಯ್ಯ ಮದುವೆಮನೆಗಳಲ್ಲಿ ಅಡುಗೆ ಮಾಡುವವನು. ಅವನು ಒಲೆ ಹಚ್ಚಿದನೆಂದರೆ ಬೀಗರು ಜಗಳ ಮರೆತು ಎಲೆಯ ಮುಂದೆ ಕೂರುತ್ತಿದ್ದರು. ಕೈರುಚಿ ಅಂಥದ್ದು. ಮನಸ್ಸೂ ಒಳ್ಳೆಯದೇ. ಆದರೆ ಯಾವ ಕೆಲಸ ಹಿಡಿದರೂ ಊಟದ ಎಲೆಯಿಂದಲೇ ಶುರು ಮಾಡುವುದು ಅವನ ಅಭ್ಯಾಸ. ಮನೆಯ ಮಾಡು ಸೋರುತ್ತಿದೆ ಎಂದು ಯಾರಾದರೂ ಹೇಳಿದರೆ, ಹೆಂಚು ಹೊದಿಸಲು ಬರುವವರಿಗೆ ಮಧ್ಯಾಹ್ನಕ್ಕೆ ಏನು ಮಾಡೋಣ ಎಂದು ಮೊದಲು ಯೋಚಿಸುತ್ತಿದ್ದ. ಹೆಂಚಿನ ಯೋಚನೆ ಆಮೇಲೆ. ನಗಬೇಡಿ, ನಮ್ಮನಿಮ್ಮ ಮನೆಯಲ್ಲೂ ಇಂಥವರಿದ್ದಾರೆ.

ಅವನನ್ನು ಸಾಕಿದವಳು ಸೋದರತ್ತೆ ಕನಕಮ್ಮ. ತಾಯಿಯಿಲ್ಲದ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಡುಗೆ ಮಾಡಿದವಳು. ಹುಳಿಯ ಹದ, ಒಗ್ಗರಣೆಯ ಹದ ಎಲ್ಲವನ್ನೂ ಅವನಿಗೆ ಕಲಿಸಿದವಳು. ಅವಳು ಜೀವಮಾನದಲ್ಲಿ ತನಗಾಗಿ ಕೇಳಿದ್ದು ಬಹಳ ಕಡಿಮೆ. ಹೊಗೆಗಲ್ಲು ಬೆಟ್ಟಕ್ಕೆ ಕರೆದುಕೊಂಡು ಹೋಗು ಎಂದು ಮಾತ್ರ ಕೇಳಿದ್ದಳು.

ಅದು ಊರಿನಿಂದ ಎರಡು ಮೂರು ದಿನದ ಗಾಡಿ ದಾರಿ. ಬೆಟ್ಟದ ನೆತ್ತಿಯ ಮೇಲೆ ಎಂದೋ ಹಾಳಾದ ಒಂದು ಪಟ್ಟಣವಿದೆ. ಯಾರು ಕಟ್ಟಿಸಿದರು, ಯಾಕೆ ಬಿಟ್ಟು ಹೋದರು, ಯಾರಿಗೂ ತಿಳಿಯದು. ಕನಕಮ್ಮ ಲಂಗ ಉಡುವ ವಯಸ್ಸಿನಲ್ಲಿ ಒಬ್ಬ ಬಳೆಗಾರ ಅವಳ ಕೈಗೆ ಬಳೆ ತೊಡಿಸುತ್ತಾ ಆ ಬೆಟ್ಟದ ಸುದ್ದಿ ಹೇಳಿದ್ದ. ಅಲ್ಲಿ ಒಂದು ಉದ್ದನೆಯ ಗೋಡೆಯಂತೆ. ಗೋಡೆಯ ತುಂಬ ಹೆಂಗಸರಂತೆ. ಒಬ್ಬಳು ಭತ್ತ ಕುಟ್ಟುತ್ತಿದ್ದಾಳೆ, ಒಬ್ಬಳು ಹೂ ಕಟ್ಟುತ್ತಿದ್ದಾಳೆ, ಒಬ್ಬಳು ಮಗುವಿಗೆ ನೀರು ಹಾಕುತ್ತಿದ್ದಾಳೆ. ಕೊನೆಯವಳು ಮಾತ್ರ ಯಾವ ಕೆಲಸವನ್ನೂ ಮಾಡದೆ, ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ಏನನ್ನೋ ನೋಡುತ್ತಿದ್ದಾಳೆ.

"ಏನು ನೋಡ್ತಿದ್ದಾಳೆ?" ಎಂದು ಹುಡುಗಿ ಕೇಳಿದ್ದಳು.

"ಬೆನ್ನ ಮೇಲೆ ಬಳೆ ಹೊರೆ ಇತ್ತು ತಾಯಿ. ನಿಂತು ನೋಡೋಕಾಗ್ಲಿಲ್ಲ" ಎಂದು ಬಳೆಗಾರ ಎದ್ದು ಹೋಗಿದ್ದ.

ಆ ಪ್ರಶ್ನೆ ಅವಳ ತಲೆಯಲ್ಲೇ ಉಳಿಯಿತು. ಕಂಡಕಂಡವರನ್ನು ಕೇಳಿದಳು. ದಂಡು ಬರುವುದನ್ನು ನೋಡುತ್ತಿರಬೇಕು ಎಂದರು ಕ್ಷೌರದ ಮುನಿಯಪ್ಪ. ದೇವರನ್ನು ಎಂದರು ಗುಡಿಯ ಅರ್ಚಕರು. ಗಂಡ ಇನ್ನೂ ಊಟಕ್ಕೆ ಬಂದಿಲ್ಲ, ಅದಕ್ಕೇ ನೋಡುತ್ತಿದ್ದಾಳೆ ಎಂದ ಶಿಂಗಯ್ಯ. ಕನಕಮ್ಮನಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಆ ಹೆಂಗಸಿನ ಪಕ್ಕದಲ್ಲಿ ನಿಂತು, ಅವಳು ನೋಡುವ ಕಡೆಗೆ ತಾನೇ ನೋಡಬೇಕು ಎಂದು ಅವಳಿಗೆ ಆಸೆ.

ಹೀಗಿರುವಾಗ ಅವಳ ಕಣ್ಣಿಗೆ ಪೊರೆ ಬರತೊಡಗಿತು. ಪಂಡಿತರು ರೆಪ್ಪೆ ಎತ್ತಿ ನೋಡಿ, "ಅಮ್ಮಾ, ದೂರದ ದೃಷ್ಟಿ ಮೊದಲು ಹೋಗುತ್ತೆ. ಏನಾದ್ರೂ ನೋಡ್ಬೇಕು ಅಂತಿದ್ರೆ ಬೇಗ ನೋಡ್ಬಿಡಿ" ಎಂದರು.

ಮನೆಗೆ ಬಂದವಳೇ ಕನಕಮ್ಮ ಹೇಳಿದಳು: "ಶಿಂಗಾ, ದೀಪಾವಳಿ ಮುಗೀಲಿ. ಮಳೆ ನಿಂತು ಆಕಾಶ ತಿಳಿಯಾಗಿರುತ್ತೆ. ಹೊಗೆಗಲ್ಲಿಗೆ ಹೋಗ್ಬರೋಣ."

"ಆಗ್ಲಿ ಅತ್ತೆ! ನೀವು ಯೋಚನೆ ಮಾಡ್ಬೇಡಿ. ಎಲ್ಲಾ ಏರ್ಪಾಡು ನಂದು" ಎಂದ ಶಿಂಗಯ್ಯ. ಅವನ ಕಣ್ಣಲ್ಲಿ ನೀರಾಡಿತು. ಅತ್ತೆಯ ಮೇಲೆ ಅವನಿಗೆ ಪ್ರಾಣ. ಅದರಲ್ಲಿ ಯಾರಿಗೂ ಅನುಮಾನ ಬೇಡ.

ಏರ್ಪಾಡು ಶುರುವಾಯಿತು. ಎಲ್ಲಿಂದ ಅಂತೀರಿ? ಎಲೆಯಿಂದ. ಮೊದಲ ದಿನ ಹೊಳೆ ದಂಡೆಯಲ್ಲಿ ಹುಳಿಯನ್ನ. ಎರಡನೆಯ ದಿನ ಮಾವಿನ ತೋಪಿನಲ್ಲಿ ಮಜ್ಜಿಗೆಹುಳಿ. ಬೆಟ್ಟದ ಬುಡದಲ್ಲಿ ಹಬ್ಬದಡುಗೆ. ಇಷ್ಟು ನಿಶ್ಚಯವಾದ ಮೇಲೆ ಒಂದು ದೊಡ್ಡ ತೊಡಕು ಕಂಡಿತು. ಮನೆಯಲ್ಲಿ ಸಂಡಿಗೆ ಮುಗಿದಿತ್ತು.

"ಸಂಡಿಗೆ ಇಲ್ದೆ ಹುಳಿಯನ್ನ ಬಡಿಸೋದಾ?" ಎಂದು ಶಿಂಗಯ್ಯ ತಲೆಯ ಮೇಲೆ ಕೈ ಹೊತ್ತು ಕೂತ. ಸಂಡಿಗೆ ಒಣಗಬೇಕಾದರೆ ಬೇಸಿಗೆಯ ಬಿಸಿಲೇ ಬೇಕು. ಹಾಗಾಗಿ ಪ್ರಯಾಣ ಬೇಸಿಗೆಗೆ ಹೋಯಿತು. ಬೇಸಿಗೆ ಬಂತು, ಸಂಡಿಗೆ ಗರಿಗರಿಯಾಗಿ ಒಣಗಿತು. ಆದರೆ ಆ ಬಿಸಿಲಿನಲ್ಲಿ ವಯಸ್ಸಾದ ಅತ್ತೆಯನ್ನು ಗಾಡಿಯಲ್ಲಿ ಕೂರಿಸುವುದು ಹೇಗೆ? ಮಳೆ ಬರಲಿ ಎಂದ. ಮಳೆ ಬಂದ ಮೇಲೆ ಸೌದೆ ಹಸಿಯಾಯಿತು. ಹಸಿ ಸೌದೆಯಲ್ಲಿ ಅನ್ನ ಹೊಗೆ ವಾಸನೆ ಹೊಡೆಯುತ್ತದೆ ಎಂದ. ಹೀಗೆ ಮತ್ತೆ ದೀಪಾವಳಿಯೇ ಬಂತು.

ಕನಕಮ್ಮ ನಡುನಡುವೆ ಕೇಳುತ್ತಿದ್ದಳು. ಒಮ್ಮೆ ಆ ಕಡೆಯಿಂದ ಬಂದ ಪ್ರಯಾಣಿಕರೊಬ್ಬರನ್ನು ವಿಚಾರಿಸಿ, "ಅಲ್ಲಿ ಮಧ್ಯಾಹ್ನ ತಿರುಗಿದ ಕೂಡ್ಲೇ ಮಂಜು ಏಳುತ್ತಂತೆ ಕಣೋ. ಬೆಳಿಗ್ಗೆನೇ ಹತ್ಬೇಕಂತೆ" ಎಂದಳು. ಶಿಂಗಯ್ಯ ಗಂಭೀರವಾಗಿ ತಲೆಯಾಡಿಸಿ, "ಮಂಜು ಅಂದ್ರೆ ಚಳಿ. ಹಾಗಾದ್ರೆ ಮೆಣಸಿನ ಸಾರು ಇರಲೇಬೇಕು" ಎಂದ.

ಆ ಒಂದು ವರ್ಷದಲ್ಲಿ ಇನ್ನೊಂದು ಸಂಗತಿ ನಡೆಯಿತು. ಮೊದಲು ಕನಕಮ್ಮ ಜಗಲಿಯ ಮೇಲೆ ಕೂತು, ಬೀದಿಯ ತುದಿಯಲ್ಲಿ ಬರುವವರನ್ನು ನಡಿಗೆಯಿಂದಲೇ ಗುರುತು ಹಿಡಿಯುತ್ತಿದ್ದಳು. ಈಗ ಮೆಟ್ಟಿಲ ಹತ್ತಿರ ಬಂದು ನಿಂತವರನ್ನೂ "ಯಾರಪ್ಪಾ?" ಎಂದು ಕೇಳುತ್ತಿದ್ದಳು. ಸಂಡಿಗೆಗೆ ಕಾಗೆ ಬೀಳದಂತೆ ಕಾಯುತ್ತಿದ್ದ ಶಿಂಗಯ್ಯನಿಗೆ ಇದು ಗಮನಕ್ಕೆ ಬರಲೇ ಇಲ್ಲ.

ಕೊನೆಗೂ ಗಾಡಿ ಹೊರಟಿತು. ಅದರಲ್ಲಿ ಹಂಡೆ, ಕೊಳಗ, ಬಾಣಲೆ, ಸೌದೆ, ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬಿ, ಎಲ್ಲಕ್ಕಿಂತ ಮುಖ್ಯವಾಗಿ ಮನೆಯ ಒರಳುಕಲ್ಲು. ಹೊರಗಿನ ಒರಳಿನಲ್ಲಿ ರುಬ್ಬಿದರೆ ಚಟ್ನಿ ಚಟ್ನಿಯಾಗುವುದಿಲ್ಲವಂತೆ! ಇಷ್ಟು ಪಾತ್ರೆಗಳ ನಡುವೆ ಉಳಿದ ಚೂರು ಜಾಗದಲ್ಲಿ ಕನಕಮ್ಮ ಕಾಲು ಮಡಚಿ ಕೂತಳು. ಗಾಡಿ ಹೊಡೆಯುವ ಬೋರಣ್ಣನಿಗೆ ಮಾತ್ರ ಖುಷಿಯೋ ಖುಷಿ. ಪ್ರತಿ ನಿಲ್ದಾಣದಲ್ಲೂ ಅವನು ಸೊಂಟದ ದಾರ ಸಡಿಲಿಸಿಕೊಂಡು ಉಂಡ.

ದಾರಿಯುದ್ದಕ್ಕೂ ಅತ್ತೆ ಕೇಳುತ್ತಲೇ ಇದ್ದಳು. "ಶಿಂಗಾ, ಅಲ್ಲಿ ಕರ್ರಗೆ ಕಾಣೋದು ಬೆಟ್ಟವೋ ಮೋಡವೋ?" "ಶಿಂಗಾ, ಅದೇನು ಹಳೇ ಕಂಬ?" ಅವನು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಹುಣಸೆಹಣ್ಣು ಕಿವುಚುತ್ತಲೋ ತೆಂಗಿನಕಾಯಿ ತುರಿಯುತ್ತಲೋ, "ಇರ್ಬೇಕು ಅತ್ತೆ, ಇರ್ಬೇಕು" ಎನ್ನುತ್ತಿದ್ದ.

ಬೆಟ್ಟದ ಬುಡ ತಲುಪಿದಾಗ ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಒಂದು ಬಾವಿ, ಒಂದು ಮುರುಕು ಮಂಟಪ. ಮಂಟಪದ ಹಿಂದಿನಿಂದಲೇ ಕಲ್ಲಿನ ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು.

"ಮೊದ್ಲು ಹತ್ತಿಬಿಡೋಣ ಕಣೋ. ಬಂದು ಉಂಡರಾಯ್ತು" ಎಂದಳು ಕನಕಮ್ಮ.

"ಹಸಿದ ಹೊಟ್ಟೇಲಿ ಅತ್ತೇನ ಬೆಟ್ಟ ಹತ್ತಿಸಿದ ಅಂತ ಊರೋರು ನನ್ನ ಮುಖಕ್ಕೆ ಉಗೀತಾರೆ. ಇಗೋ, ಇನ್ನೇನು, ಒಂದು ಗಳಿಗೆ" ಎಂದು ಶಿಂಗಯ್ಯ ಕಲ್ಲು ಜೋಡಿಸಿ ಒಲೆ ಹಚ್ಚಿದ.

ಅಡುಗೆಯವರ ಒಂದು ಗಳಿಗೆ ಎಷ್ಟು ಉದ್ದ ಎಂಬುದು ಹಸಿದು ಕೂತವರಿಗೆಲ್ಲ ಗೊತ್ತು. ಬೇಳೆ ಬೆಂದಿತು. ಪಾಯಸಕ್ಕೆ ಏಲಕ್ಕಿ ಬಿತ್ತು. ಬೋರಣ್ಣ ಎತ್ತುಗಳಿಗೆ ನೀರು ಕುಡಿಸಲು ಹೋದ. ಬಿಸಿಲು ನೆತ್ತಿಯ ಹತ್ತಿರ ಬಂತು. ಒಗ್ಗರಣೆ ಹಾಕುವ ಮೊದಲು ಉಪ್ಪು ಸರಿಯಿದೆಯೇ ಎಂದು ಅತ್ತೆ ನೋಡಿ ಹೇಳಬೇಕು, ಅದು ಅವರ ಮನೆಯ ಪದ್ಧತಿ.

"ಅತ್ತೇ, ಬನ್ನಿ, ಉಪ್ಪು ನೋಡಿ!"

ಶಿಂಗಯ್ಯ ತಿರುಗಿ ನೋಡಿದ. ಮಂಟಪದಲ್ಲಿ ಅತ್ತೆಯಿಲ್ಲ, ಅವಳ ಊರುಗೋಲೂ ಇಲ್ಲ. ತಲೆಯೆತ್ತಿದ. ಮೇಲೆ, ಮೆಟ್ಟಿಲುಗಳು ಮುಗಿಯುವ ಕಡೆ, ಒಂದು ಬಾಗಿದ ಬೆನ್ನು ಹಾಳು ಬಾಗಿಲೊಳಗೆ ಹೋಗುತ್ತಿತ್ತು.

ಅವನು ಅರ್ಧ ಎದ್ದ. ಈ ಕಡೆ ಹುಳಿ ಕೊತಕೊತ ಕುದಿಯುತ್ತಿತ್ತು. ಹಚ್ಚಿದ ಒಲೆಯನ್ನು ಬಿಟ್ಟು ಅಡುಗೆಯವನು ಏಳಬಾರದು. ಯಾವ ಮದುವೆಯಲ್ಲೂ ಅವನು ಎದ್ದವನಲ್ಲ. ಒಮ್ಮೆ ಚಪ್ಪರಕ್ಕೆ ಬೆಂಕಿ ಬಿದ್ದಾಗಲೂ ಸಾರು ಇಳಿಸಿಯೇ ಓಡಿದವನು. ಒಗ್ಗರಣೆ ಕೊಟ್ಟು ಹೋಗಲೇ ಎಂದುಕೊಂಡ. ಸಾಸಿವೆಯ ಡಬ್ಬಿಗೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ನಿಂತಿತು. ಊರುಗೋಲು ಊರುತ್ತಾ, ಮೆಟ್ಟಿಲು ತಡಕುತ್ತಾ, ಆ ಕಣ್ಣಿನಲ್ಲಿ ಅಷ್ಟೆತ್ತರ ಒಬ್ಬಳೇ ಹತ್ತಿದಳಲ್ಲ! ಅಷ್ಟು ಬೇಕಾಗಿತ್ತೇ ಅವಳಿಗೆ ಅದು? ಇದನ್ನು ಅವನು ಯೋಚಿಸಿದ್ದು ಇದೇ ಮೊದಲು. ಡಬ್ಬಿ ಬಿಟ್ಟು, ಸೌಟು ಕೈಯಲ್ಲೇ ಇರುವುದನ್ನೂ ಮರೆತು ಓಡಿದ.

ಏದುಸಿರು ಬಿಡುತ್ತಾ ಹಾಳು ಬಾಗಿಲು ದಾಟಿದ. ಎರಡೂ ಕಡೆ ಕುಸಿದ ಮನೆಗಳು, ಹುಲ್ಲು ಬೆಳೆದ ಬೀದಿ. ಬೀದಿಯ ಆಚೆ ಗೋಡೆ. ಭತ್ತ ಕುಟ್ಟುವವಳು, ಹೂ ಕಟ್ಟುವವಳು, ಮಗುವಿಗೆ ನೀರು ಹಾಕುವವಳು, ಎಲ್ಲರೂ ಇದ್ದರು. ಕೊನೆಯವಳ ಪಕ್ಕದಲ್ಲಿ ಕನಕಮ್ಮ ನಿಂತಿದ್ದಳು. ಅವಳೂ ಹಣೆಗೆ ಕೈ ಹಿಡಿದಿದ್ದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದ ಅವಲಕ್ಕಿ ಬೆಲ್ಲದ ಗಂಟು ಹಾಗೇ ಇತ್ತು.

"ಬಂದ್ಯಾ?" ಎಂದಳು ತಿರುಗದೆ. "ಇವರನ್ನೆಲ್ಲಾ ನೋಡ್ದೆ ಕಣೋ. ಹತ್ರದ್ದು ಕಾಣ್ಸುತ್ತೆ. ಈ ಹೂ ಕಟ್ಟೋಳ ಉಗುರು ಕೂಡ ಕೆತ್ತಿದ್ದಾರೆ ನೋಡು. ಆದ್ರೆ ಇವಳು ನೋಡೋ ಕಡೆ ನನಗೇನೂ ಕಾಣ್ಸೊಲ್ಲ. ಎಲ್ಲಾ ಮಸುಕು. ನೀನು ನೋಡಿ ಹೇಳು."

ಶಿಂಗಯ್ಯ ನೋಡಿದ. "ಕಾಡು ಅತ್ತೆ. ಆಚೆ ಇನ್ನೊಂದು ಬೆಟ್ಟ. ಮತ್ತೇನಿಲ್ಲ."

"ನೀನು ನಿಂತಲ್ಲಿಂದ ಅಲ್ಲ, ಅವಳು ನಿಂತಲ್ಲಿಂದ. ಬಗ್ಗು."

ಅವನು ಮಂಡಿ ಬಗ್ಗಿಸಿ, ಕಲ್ಲಿನ ಹೆಂಗಸಿನ ಕೆನ್ನೆಗೆ ಕೆನ್ನೆ ತಾಗಿಸಿ, ಅವಳ ಕಣ್ಣಿನ ನೇರಕ್ಕೆ ಕಣ್ಣಿಟ್ಟ. ಎದುರಿನ ಕೋಟೆ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಕಿಂಡಿಯಾಚೆ ಕಣಿವೆ. ಕಣಿವೆಯಾಚೆಯ ಬೆಟ್ಟದಲ್ಲಿ ಒಂದು ಬೋಳು ಬಂಡೆ. ಬಿಸಿಲು ನೇರ ಬಿದ್ದಿತ್ತು.

"ಅತ್ತೆ... ಬಂಡೆ ಮೇಲೆ ಏನೋ ಕೆತ್ತಿದ್ದಾರೆ. ದೊಡ್ಡದು. ಇರಿ... ಹೆಂಗಸು ಅತ್ತೆ! ಅಲ್ಲೂ ಒಬ್ಬಳು ನಿಂತಿದ್ದಾಳೆ. ಅವಳೂ ಹಣೆಗೆ ಕೈ ಹಿಡ್ಕೊಂಡಿದ್ದಾಳೆ. ಈ ಕಡೆನೇ ನೋಡ್ತಿದ್ದಾಳೆ!"

ಕನಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಒಬ್ಬರನ್ನೊಬ್ಬರು ನೋಡ್ತಿದ್ದಾರಾ?"

"ಹೂಂ ಅತ್ತೆ. ಅಕ್ಕತಂಗೀರೋ ಏನೋ. ತಾಯಿ ಮಗಳೋ? ಆ ಬೆಟ್ಟಕ್ಕೆ ಮದುವೆ ಮಾಡಿ ಕೊಟ್ಟಿದ್ರೇನೋ? ಯಾರು ಕೆತ್ತಿರ್ಬಹುದು? ಇಲ್ಲಿಂದ ಅಲ್ಲಿಗೆ ಗುರಿ ಹೇಗೆ ಹಿಡಿದ್ರು?"

"ನನ್ನ ಕೇಳ್ತೀಯಲ್ಲೋ! ನೀನೇ ನೋಡಿ ಹೇಳು. ವಯಸ್ಸೆಷ್ಟು ಕಾಣುತ್ತೆ ಅವಳಿಗೆ?"

ಶಿಂಗಯ್ಯ ಮತ್ತೆ ನೋಡಿದ. ಎಷ್ಟು ನೋಡಿದರೂ ಸಾಲದೆನಿಸಿತು. ಬದುಕಿನಲ್ಲಿ ಇಷ್ಟು ದೂರಕ್ಕೆ ಅವನು ನೋಡಿದ್ದೇ ಇಲ್ಲ. ಆಗ ಸಟ್ಟನೆ ಒಂದು ಮಾತು ಹೊಳೆದು, ಅವನ ಮುಖ ಬಾಡಿತು.

"ಅತ್ತೆ, ಹೋದ ವರ್ಷ ಬಂದಿದ್ರೆ... ಇದು ನಿಮಗೇ ಕಾಣ್ತಿತ್ತಲ್ವಾ?"

ಸಮಾಧಾನಕ್ಕೆಂದು ಸುಳ್ಳು ಹೇಳುವ ಹೆಂಗಸಲ್ಲ ಕನಕಮ್ಮ.

"ಕಾಣ್ತಿತ್ತು ಕಣೋ" ಎಂದಳು.

ಶಿಂಗಯ್ಯ ಸೌಟನ್ನು ಕೆಳಗಿಟ್ಟು, ಚಿಕ್ಕ ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. ಸಂಡಿಗೆ, ಸೌದೆ, ಬಿಸಿಲು, ಮಳೆ ಎಂದು ತಾನು ಹೇಳಿದ ನೆಪಗಳೆಲ್ಲ ಒಂದೊಂದಾಗಿ ನೆನಪಾದವು. ಒಂದೂ ಸುಳ್ಳಾಗಿರಲಿಲ್ಲ. ಒಂದೂ ಅತ್ತೆ ಕೇಳಿದ್ದಾಗಿರಲಿಲ್ಲ.

ಕನಕಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು. "ಆಮೇಲೆ ಅಳುವಿಯಂತೆ. ಈಗ ಕಣ್ಣು ಒರೆಸ್ಕೋ. ನಿನ್ನ ಕಣ್ಣಲ್ಲೂ ನೀರು ತುಂಬ್ಕೊಂಡ್ರೆ ನನಗೆ ಹೇಳೋರ್ಯಾರು? ಅವಳು ಸೀರೆ ಉಟ್ಟಿದ್ದಾಳಾ? ಜಡೆ ಹಾಕಿದ್ದಾಳಾ, ತುರುಬು ಕಟ್ಟಿದ್ದಾಳಾ?"

ಅವನು ಕಣ್ಣೊರೆಸಿಕೊಂಡು ಮತ್ತೆ ಕಲ್ಲಿಗೆ ಕೆನ್ನೆ ಹಚ್ಚಿದ. ತುರುಬು ಎಂದ. ಕಾಲಿನ ಹತ್ತಿರ ಕೊಡವೋ ಮಗುವೋ ಏನೋ ಇದೆ ಎಂದ. ಅವಳು ಕೇಳುತ್ತಾ ಹೋದಳು, ಅವನು ಹೇಳುತ್ತಾ ಹೋದ. ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು, ಮೊದಲು ಮರಗಳನ್ನು, ಆಮೇಲೆ ಬಂಡೆಯನ್ನು ಮುಚ್ಚಿತು. ಕೆಳಗಿನಿಂದ ಹುಳಿ ಸೀದ ವಾಸನೆ ಮೇಲಿನವರೆಗೂ ಬಂತು. ಶಿಂಗಯ್ಯ ಏಳಲಿಲ್ಲ. ಕೊಡವೇ ಇರಬೇಕು, ಮಗುವಾದರೆ ತಾಯಿಯ ಕಾಲು ತಬ್ಬಿರುತ್ತಿತ್ತು ಎಂದು ಅತ್ತೆಯೊಂದಿಗೆ ವಾದ ಮಾಡುತ್ತಾ ಕೂತ.

ನೀತಿ: ಪ್ರೀತಿಯವರಿಗಾಗಿ ಏರ್ಪಾಡು ಮಾಡುವಾಗ, ನಮಗೆ ಚೆನ್ನಾಗಿ ಮಾಡಲು ಬರುವುದನ್ನು ಬಿಟ್ಟು, ಅವರು ಕೇಳಿದ್ದೇನು ಎಂಬಲ್ಲಿಂದ ಶುರು ಮಾಡಬೇಕು. ಸಂಡಿಗೆ ಬರುವ ಬೇಸಿಗೆಯಲ್ಲೂ ಒಣಗುತ್ತದೆ. ಕಾಯಲಾಗದ್ದು ಯಾವುದೋ, ಅದಕ್ಕೆ ಮೊದಲು ಗಾಡಿ ಕಟ್ಟಿ.