ತೊಟ್ಟಿಲಿಗೆ ಕಟ್ಟಿದ ಫೋನು

ಮಠದ ದಿನಚರಿಯಲ್ಲಿ ೨೦೧೮ನೆಯ ಇಸವಿ ಆಗಸ್ಟ್ ೧೨, ಭಾನುವಾರ ಎಂದಿದೆ. ಅಂದು ಅಲ್ಲಿನ ಪಡಸಾಲೆಯಲ್ಲಿ ಡ್ರಿಲ್ ಮೇಷ್ಟ್ರು ಕೊಟ್ರೇಶಪ್ಪ ಗುರುಗಳ ಮುಂದೆ ಒಂದು ಪ್ರಶ್ನೆ ಇಟ್ಟರು.

"ಬುದ್ಧಿ, ಮಕ್ಕಳ ಒಳ್ಳೆಯದಕ್ಕೆ ಮಾಡಿದ ಕೆಲಸಕ್ಕೂ ಬೈಸಿಕೊಳ್ಳಬೇಕೇ?"

ಅವರಿಗೆ ನಿಜವಾಗಿಯೂ ನೋವಾಗಿತ್ತು. ಅವರ ಪ್ರೌಢಶಾಲೆಯಲ್ಲಿ ಕೆಲವು ಮಕ್ಕಳಿಗೆ ಮೈ ಹೆಚ್ಚು, ಮಹಡಿ ಹತ್ತಿದರೆ ಏದುಸಿರು. ಕೊಟ್ರೇಶಪ್ಪ ಆ ಮಕ್ಕಳ ಮನೆಯ ಫೋನುಗಳಿಗೆ ನಡಿಗೆ ಎಣಿಸುವ ಆ್ಯಪ್ ಹಾಕಿಸಿದ್ದರು. ಮಕ್ಕಳಿಗೆ ಅದು ಹಿಡಿಸಿತ್ತು. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಒಂದು ಹಲಗೆಗೆ ಕಪ್ಪು ಬಣ್ಣ ಹೊಡೆಸಿ, ಆ ಮಕ್ಕಳ ಹೆಸರು ಬರೆಸಿದರು. ಪ್ರತಿ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಯಾರು ಎಷ್ಟು ನಡೆದರು ಎಂದು ಎಲ್ಲರ ಮುಂದೆ ಬರೆಯುವುದೆಂದು ಸಾರಿದರು. ಸಾರಿದ ಮರುದಿನದಿಂದ ಒಂಬತ್ತನೆಯ ತರಗತಿಯ ಸುಚೇತಾ ಶಾಲೆಗೆ ಬರಲಿಲ್ಲ. ಅವಳ ತಾಯಿ ಬಂದು, ಹಲಗೆಯ ಮೇಲೆ ಮಗಳ ಹೆಸರು ಇರುವುದಾದರೆ ಟಿ.ಸಿ. ಕೊಟ್ಟುಬಿಡಿ ಎಂದು ಹೇಳಿ ಹೋಗಿದ್ದರು.

ಗುರುಗಳು ತಲೆದೂಗಿದರೆ ನಾಳೆಯೇ ತೂಗುಹಾಕುವುದೆಂದು ಕೊಟ್ರೇಶಪ್ಪ ಹಲಗೆಯನ್ನು ಜೊತೆಗೇ ತಂದಿದ್ದರು. ಅದು ಕಂಬಕ್ಕೆ ಒರಗಿತ್ತು. ಗುರುಗಳು ಅದನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ. ಆತನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳಿಗೆ ಮದುವೆಯಾಗಿತ್ತು. ಕಿರಿಯಳು ಹೈಸ್ಕೂಲಿಗೆ ಹೋಗುತ್ತಿದ್ದಳು, ವಯಸ್ಸಿಗೆ ಮೀರಿದ ಮೈ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ಹುಡುಗಿ ದಿನವೂ ನಡೆಯಲಿ ಎಂದು ವೈದ್ಯರು ಹೇಳಿದರು. ಮನೆಯವರೆಲ್ಲ ಹೇಳಿ ಹೇಳಿ ಸೋತರು. ಅವಳು ಜಗ್ಗಲಿಲ್ಲ.

ಕೊನೆಗೆ ಅವಳನ್ನು ಎಬ್ಬಿಸಿದ್ದು ಫೋನಿನ ಒಂದು ಆ್ಯಪ್. ನಡೆದಂತೆಲ್ಲ ಅದರಲ್ಲಿ ಒಂದು ಹಸಿರು ಬಳೆ ತುಂಬುತ್ತ ಬರುತ್ತಿತ್ತು. ಪೂರ್ತಿ ತುಂಬಿದರೆ ಸಣ್ಣಗೆ ಗಂಟೆ ಬಾರಿಸುತ್ತಿತ್ತು. ಹುಡುಗಿಗೆ ಅದು ಆಟವಾಯಿತು. ಸಂಜೆ ತಾಯಿಯೊಡನೆ ಕೆರೆ ಏರಿಯ ಮೇಲೆ ನಡೆಯತೊಡಗಿದಳು. ಗಂಟೆ ಕೇಳದೆ ಮನೆಗೆ ತಿರುಗುತ್ತಿರಲಿಲ್ಲ. ತಾಯಿ ದಣಿದು ಕಲ್ಲಿನ ಮೇಲೆ ಕೂತರೆ, ಏಳಮ್ಮ, ಬಳೆ ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ ಎಂದು ಎಬ್ಬಿಸುತ್ತಿದ್ದಳು. ಏರಿಯ ಆ ತುದಿಯಲ್ಲಿ, ಜನವಿಲ್ಲದ ಕಡೆ, ಒಮ್ಮೆ ಓಡಿಯೂ ನೋಡಿದಳು. ಓಡು ಎಂದು ಯಾರೂ ಹೇಳಿರಲಿಲ್ಲ.

ಈ ಸುದ್ದಿ ವ್ಯಾಪಾರಿಯ ಕಿವಿಗೆ ಬಿತ್ತು. ಆತನಿಗೆ ಸಂತೋಷವಾಯಿತು, ಆದರೆ ಅದು ಮಂಡಿಯವನ ಸಂತೋಷ. ದಿನವೂ ಮಂಡಿಯ ಬಾಗಿಲ ಹಲಗೆಯ ಮೇಲೆ ಅಂದಿನ ಧಾರಣೆ ಬರೆಯುವುದು ಆತನ ರೂಢಿ. ನಾಲ್ಕು ಜನರ ಕಣ್ಣಿಗೆ ಬಿದ್ದ ಮಾಲಿನ ಬೆಲೆ ಏರಿಯೇ ಏರುತ್ತದೆ ಎಂಬುದು ಆತನ ನಂಬಿಕೆ. ನೆಂಟರಿಷ್ಟರ ವಾಟ್ಸಾಪ್ ಗುಂಪು ಆತನಿಗೆ ಇನ್ನೊಂದು ಹಲಗೆಯಾಗಿ ಕಂಡಿತು. ಧಾರಣೆ ಬರೆದ ಕೈಯಲ್ಲೇ, ಮಗಳ ಫೋನು ನೋಡಿ ಅವಳ ನಡಿಗೆಯ ಲೆಕ್ಕವನ್ನೂ ಅಲ್ಲಿ ಹಾಕತೊಡಗಿದ. ಮಗಳನ್ನು ಒಂದು ಮಾತು ಕೇಳಲಿಲ್ಲ.

ಮೊದಮೊದಲು ಎಲ್ಲರೂ ಭೇಷ್ ಎಂದರು. ಒಂದು ದಿನ ಹುಡುಗಿಗೆ ಮುಟ್ಟಿನ ಹೊಟ್ಟೆನೋವು. ಮಲಗಿಯೇ ಇದ್ದಳು. ವ್ಯಾಪಾರಿ ಅಂದಿನದನ್ನೂ ಹಾಕಿದ. ಹುಡುಗಿಯ ಸೋದರಮಾವ ಕೆಳಗೆ ಬರೆದ: "ಏನು ಭಾವ, ಇವತ್ತು ಮೂಟೆ ಮಂಡಿ ಬಿಟ್ಟು ಕದಲಲೇ ಇಲ್ವಾ?"

ಗುಂಪಿನ ತುಂಬ ನಗುವ ಮುಖಗಳು ಬಂದವು. ಚಿಕ್ಕಪ್ಪ ನಕ್ಕ, ಅತ್ತೆ ನಕ್ಕಳು, ವರ್ಷಕ್ಕೊಮ್ಮೆ ಮದುವೆ ಊಟದಲ್ಲಿ ಸಿಗುವ ದೂರದ ನೆಂಟರೂ ನಕ್ಕರು. ಆ ಹುಡುಗಿಗೆ ಜ್ವರ ಬಂದಾಗ ಒಂದು ಮಾತು ಕೇಳದವರೆಲ್ಲ ಅವಳ ಮೈಯ ಲೆಕ್ಕಕ್ಕೆ ಬಂದು ಕೂತರು. ಹೆತ್ತ ಅಪ್ಪ ಅದನ್ನು ತಡೆಯಬೇಕಿತ್ತು. ಆತ ತಾನೂ ಒಂದು ನಗುವ ಮುಖ ಹಾಕಿದ.

ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತಲೇ ಹೇಳಿದಳು, "ಅಪ್ಪಾಜಿ, ನಂದು ಅಲ್ಲಿ ಹಾಕಬೇಡಿ."

"ನಾಚಿಕೆ ಆದ್ರೆ ತಾನೇ ಕಾಲು ಮುಂದೆ ಹೋಗೋದು," ಎಂದ ವ್ಯಾಪಾರಿ. "ನಿನ್ನ ಒಳ್ಳೇದಕ್ಕೇ ಹಾಕ್ತಿರೋದು."

ಅವಳು ಮತ್ತೆ ಕೇಳಲಿಲ್ಲ.

ಆ ದಿನಗಳಲ್ಲೇ ಹಿರಿಯ ಮಗಳು ಬಾಣಂತನಕ್ಕೆ ಬಂದಳು. ಒಳಕೋಣೆಯಲ್ಲಿ ತೊಟ್ಟಿಲು ಕಟ್ಟಿದರು. ಬಾಣಂತಿಗೆ, ಕೂಸಿಗೆ ಎರೆಯುವುದು, ಕಾಸುವುದು, ಸಾಂಬ್ರಾಣಿ ಹಾಕುವುದು, ತಾಯಿಗೆ ಇದರಲ್ಲೇ ಹೊತ್ತು ಮುಳುಗುತ್ತಿತ್ತು. ಏರಿಗೆ ಹೋಗೋಣ ಬಾ ಎನ್ನುವವರು ಇರಲಿಲ್ಲ, ಏಳಮ್ಮ ಎಂದು ಕಿರಿಯಳೂ ಈಗ ಎಬ್ಬಿಸಲಿಲ್ಲ. ಕಿರಿಯಳು ಫೋನನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ತೊಟ್ಟಿಲ ಹಗ್ಗಕ್ಕೆ ಕಟ್ಟಿದಳು. ಕೂತಲ್ಲೇ ತೂಗಿದಳು. ತೊಟ್ಟಿಲು ಆಡಿದಷ್ಟನ್ನೂ ಫೋನು ನಡಿಗೆಯೆಂದೇ ಎಣಿಸಿತು. ಬಳೆ ತುಂಬಿತು, ಗಂಟೆ ಬಾರಿಸಿತು. ತಾಯಿ ಕೇಳಿದರೆ ಮಹಡಿಯ ಮೇಲೆ ನಡೆಯುತ್ತೇನೆ ಎಂದಳು. ವ್ಯಾಪಾರಿ ದಿನವೂ ಬರೆದ. ಶಹಬ್ಬಾಸ್ ಎಂದವರಲ್ಲಿ ಸೋದರಮಾವನೇ ಮೊದಲಿಗ. ತಂಗಿ ಮಗುವನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಬಾಣಂತಿಯೂ ಹಿಗ್ಗಿದಳು.

ಮಗುವಿಗೆ ಐದು ತಿಂಗಳು ತುಂಬಿತು. ಹಿರಿಯ ಮಗಳು ಗಂಡನ ಮನೆಗೆ ಹೊರಟಳು. ತೊಟ್ಟಿಲು ಬಿಚ್ಚಿದರು. ಅಂದೇ ಫೋನಿನ ನಡಿಗೆಯೂ ನಿಂತಿತು. ಆಗಲೂ ವ್ಯಾಪಾರಿ ಮಗಳನ್ನು ಏನಾಯಿತೆಂದು ಕೇಳಲಿಲ್ಲ. ಫೋನು ಕೆಟ್ಟಿರಬೇಕೆಂದು ರಿಪೇರಿ ಅಂಗಡಿಗೆ ಒಯ್ದ. ಇದಕ್ಕೆ ಏನೂ ಆಗಿಲ್ಲ ಎಂದು ಅಂಗಡಿಯವನು ಹಿಂದಕ್ಕೆ ಕೊಟ್ಟ. ಆತ ಫೋನು ಹಿಡಿದು ಮನೆಗೆ ಬರುವ ಹೊತ್ತಿಗೆ ಹುಡುಗಿ ಮಹಡಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕುಸಿದಿದ್ದಳು. ತಾಯಿ ಗಾಳಿ ಹಾಕುತ್ತಿದ್ದಳು. ತೊಟ್ಟಿಲ ಸಂಗತಿಯನ್ನು ಹುಡುಗಿ ಆಗ ಹೇಳಿದಳು, ತಾಯಿಗೆ.

ಬಾಗಿಲಲ್ಲಿ ನಿಂತಿದ್ದ ಕಾಯಿಲೆ ಒಳಗೆ ಬಂದು ಕೂತಾಗಿತ್ತು. ಈಗ ಅವಳಿಗೆ ದಿನವೂ ಸೂಜಿ. ವ್ಯಾಪಾರಿ ಗುಂಪಿಗೆ ಬರೆಯುವುದನ್ನು ಬಿಟ್ಟಿದ್ದಾನೆ. ತಾಯಿ ಸಂಜೆ ಕೆರೆ ಏರಿಗೆ ಕರೆದರೆ, ಅಲ್ಲಿ ಜನ ಇರುತ್ತಾರೆ ಎನ್ನುತ್ತಾಳೆ ಮಗಳು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶಪ್ಪನವರಿಗೆ ವ್ಯಾಪಾರಿಯ ಮೇಲೆ ಸಿಟ್ಟು ಬಂದಿತ್ತು. ಎಂಥ ಅಪ್ಪ ಎಂದು ಮನಸ್ಸಿನಲ್ಲೇ ಬೈದುಕೊಂಡರು. ಆಮೇಲೆ ತಮ್ಮ ಶಾಲೆಯ ನೆನಪಾಯಿತು.

"ಹಾಗಾದರೆ ಮಕ್ಕಳಿಗೆ ಆ ಫೋನಿನ ಸಹವಾಸವೇ ಬೇಡ ಅಂತೀರಾ, ಬುದ್ಧಿ?"

"ಫೋನು ಅವಳನ್ನು ಕೆರೆ ಏರಿಯವರೆಗೆ ಕರೆದುಕೊಂಡು ಹೋಗಿತ್ತು ಮೇಷ್ಟ್ರೇ, ಅಲ್ಲಿಂದ ಒಳಕೋಣೆಗೆ ಅಟ್ಟಿದ್ದು ಹಲಗೆ."



ಮರುದಿನ ಹಲಗೆ ಶಾಲೆಯ ಗೋಡೆ ಏರಲಿಲ್ಲ. ಕೊಟ್ರೇಶಪ್ಪ ತಾವೇ ಸುಚೇತಾಳ ಮನೆಗೆ ಹೋಗಿ ಕರೆದರು. ಅವಳು ಒಳಗಿನಿಂದ ಹೊರಗೆ ಬರಲಿಲ್ಲ. ಆ ವರ್ಷದ ಓದು ಅವಳಿಗೆ ತಪ್ಪಿತು.