ಸಂಬರಗಿ ಸಾಹೇಬರ ಸ್ಪ್ಯಾನರ್

ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನ ಮ್ಯಾನೇಜರ್ ಸಂಬರಗಿ ಸಾಹೇಬರು ತಾವೇ ಒಂದು ಸ್ಪ್ಯಾನರ್ ಡಿಸೈನ್ ಮಾಡಿದ್ದರು. ಅದು ಎಷ್ಟು ಭಾರಕ್ಕೆ ಮುರಿಯುತ್ತದೆಂದು ಕಂಪ್ಯೂಟರಿನಲ್ಲಿ ನೋಡುವ ಕೆಲಸ ಡಿಸೈನ್ ರೂಮಿನ ಹುಡುಗಿಯದು. ಮುರಿಯುವಂಥ ಜಾಗ ಸ್ಕ್ರೀನಿನಲ್ಲಿ ಕೆಂಪಾಗಿ ಕಾಣುತ್ತಿತ್ತು.

"ಹಿಡಿಕಿ ತುದಿಗೆ ಇಪ್ಪತ್ತು ಕೆಜಿ ಹಾಕು. ಸ್ಕ್ರೀನ್ ಮ್ಯಾಲೆ ಎಲ್ಲೂ ಕೆಂಪು ಕಾಣಬಾರ್ದು," ಎಂದರು ಸಾಹೇಬರು.

"ಫಿಟ್ಟರ್‌ಗಳು ಹಿಡಿಕಿಗೆ ಉದ್ದನ್ನ ಪೈಪ್ ಸಿಗಿಸಿ ತಿರುವ್ತಾರಲ್ರೀ ಸರ್? ಆಗ ಮೂರು ಪಟ್ಟು ಜೋರು ಬೀಳ್ತದ್ರೀ."

ಸಾಹೇಬರ ಕಣ್ಣು ಕಿರಿದಾಯಿತು. "ಯಮನೂರ ಹೇಳಿ ಕಳಿಸ್ಯಾನೇನು? ನನ್ನ ವರ್ಕ್‌ಶಾಪಿನ್ಯಾಗ ಪೈಪ್ ಯಾರೂ ಹಾಕಂಗಿಲ್ಲ."

ಹಿಂದೊಮ್ಮೆ ಪೈಪ್ ಹಾಕಿ ತಿರುವುವಾಗ ಸ್ಪ್ಯಾನರ್ ಮುರಿದು ಎರಡು ಹಲ್ಲು ಕಳೆದುಕೊಂಡಿದ್ದ ಫಿಟ್ಟರ್ ಯಮನೂರಪ್ಪ ಬಾಗಿಲಲ್ಲೇ ಇದ್ದ.

ಹುಡುಗಿ ವಾದಿಸಲಿಲ್ಲ. "ಹಂಗಾದ್ರ ನೀವ ಒಂದು ನಟ್ ಬಿಚ್ಚಿ ತೋರಸ್ರಿ ಸರ್. ನಿಮ್ಮ ಕೈ ಎಲ್ಲಿ ಬರ್ತದೋ ಅಲ್ಲೇ ಭಾರ ಹಾಕ್ತೀನಿ."

ತುಕ್ಕು ಹಿಡಿದ ನಟ್ಟನ್ನು ಅವಳೇ ಆರಿಸಿದಳು. ಸಾಹೇಬರು ಅವಳನ್ನೊಮ್ಮೆ, ನಟ್ಟನ್ನೊಮ್ಮೆ ಅನುಮಾನದಿಂದ ನೋಡಿ, ಅಂಗಿಯ ತೋಳು ಮಡಚಿ, ಹಳೆಯ ಸ್ಪ್ಯಾನರ್ ಹಾಕಿ ಜಗ್ಗಿದರು. ನಟ್ ಅಲುಗಲಿಲ್ಲ. ಮತ್ತೆ ಜಗ್ಗಿದರು. ಬೆವರಿದರು. ನಟ್ಟಿನ ಮೇಲಿನ ಕಣ್ಣು ಕೀಳದೆ ಕೈ ಹಿಂದಕ್ಕೆ ಚಾಚಿದರು.

"ಯಮನೂರಾ, ಪೈಪ್ ಕೊಡು."

ಯಮನೂರಪ್ಪ ಪೈಪನ್ನು ಮೊದಲು ಹುಡುಗಿಗೆ ಕೊಟ್ಟ. ಅವಳು ಟೇಪ್ ಹಿಡಿದು ಅಳೆದು, ಉದ್ದ ಬರೆದುಕೊಂಡು, ಆಮೇಲೆ ಅದನ್ನು ಸಾಹೇಬರ ಕೈಗಿಟ್ಟಳು.

ಸಾಹೇಬರು ಪೈಪನ್ನೇ ನೋಡುತ್ತ ನಿಂತರು. "ಹಿಡಿಕಿ ದಪ್ಪ ಮಾಡೂಣು," ಎಂದರು ಕೊನೆಗೆ. "ಆದ್ರ ರಿಪೋರ್ಟಿನ್ಯಾಗ ಪೈಪ್ ಅಂತ ಬರಿಬ್ಯಾಡ."

"ಇಲ್ರೀ ಸರ್. ಮ್ಯಾನೇಜರ್ ಸಾಹೇಬರು ತಿರುವೋ ಪದ್ಧತಿ ಅಂತ ಬರದೀನ್ರಿ."